ತೇಲಿದ ಮೀನಿನ ಸಾರು

೧೭ ಮೇ ೧೯೫೪, ಸೋಮವಾರ. ಚೆಟ್ಟಳ್ಳಿ

ಮೂವರೂ ಮಲಗಿದ್ದಾರೆ. ಉಸಿರು ಕೇಳಿಸುತ್ತಿದೆ. ಕಾಮಾಕ್ಷಿಯದು, ಪಕ್ಕದಲ್ಲಿ ಮಗಳದು, ಜಗಲಿಯಲ್ಲಿ ಕಾಮಾಕ್ಷಿಯ ತಮ್ಮ ಸಣ್ಣಸ್ವಾಮಿಯ ಗೊರಕೆ. ಭಾವಮೈದುನನ ಗೊರಕೆ ಇಷ್ಟು ಹಿತವೆನಿಸಿದ್ದು ಇದೇ ಮೊದಲು.

ಸಂಜೆ ನಾನು ಲೆಕ್ಕ ಬರೆಯುವ ಎಸ್ಟೇಟಿನ ಕೆರೆಯಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವಂತೆ. ಸಣ್ಣಸ್ವಾಮಿ ಪಂಚೆಯ ತುಂಬ ಬಾಚಿಕೊಂಡು ಬಂದ. "ಯಾರೋ ಕಾರೆಕಾಯಿ ಜಜ್ಜಿ ಹಾಕವ್ರೆ ಭಾವ. ತೇಲಿದ್ದು ತೆಗ್ದೋನ್ದು." ಕಾರೆಕಾಯಿಯಿಂದ ಮೀನಿಗೆ ಮತ್ತು ಬರುತ್ತದೆ, ತಿಂದವರಿಗೆ ಏನೂ ಆಗದು. ಇಲ್ಲಿ ಎಲ್ಲರೂ ಹಾಗೆಯೇ ಹಿಡಿಯುವುದು. ನಾನೂ ನಕ್ಕು ಪ್ರಾಸ ಕಟ್ಟಿದೆ: ಗಾಳ ಬೇಡ, ಬಲೆ ಬೇಡ, ಭಾವಮೈದುನನಿದ್ದರೆ ಚಿಂತೆ ಬೇಡ. ಸೋಮವಾರವೆಂದು ನಾನು ಮಾತ್ರ ಮಜ್ಜಿಗೆ ಅನ್ನ ಉಂಡೆ.

ಊಟವಾದ ಮೇಲೆ ಮೇಸ್ತ್ರಿ ಬಂದ. "ರೈಟ್ರೇ, ನಾಳೆ ದನ ಕೆರೆಗೆ ಬಿಡ್ಬೇಡಿ. ಕಾಫಿಗೆ ಹೊಡೆದ ಮೈಲುತುತ್ತದ ಪೀಪಾಯಿನೆಲ್ಲ ಮಧ್ಯಾಹ್ನ ಅಲ್ಲೇ ತೊಳ್ದವ್ರೆ." ದನದ ಮೇಲಿನ ಕಾಳಜಿಗೆ ಅಷ್ಟು ದೂರ ನಡೆದು ಬಂದಿದ್ದಾನೆ. ಆಗಲಿ ಎಂದೆ.

ಮನೆಯಲ್ಲಿ ಯಾರಿಗೂ ಹೇಳಿಲ್ಲ. ಆಸ್ಪತ್ರೆಗೆ ಒಯ್ಯೋಣವೆಂದರೆ ಎಸ್ಟೇಟಿನ ಜೀಪು ಮಡಿಕೇರಿಗೆ ಹೋಗಿದೆ, ಬರುವುದು ಬೆಳಗ್ಗೆಯೇ. ಹೇಳಿದರೆ ಕಾಮಾಕ್ಷಿ ಹೆದರಿಕೆಗೇ ವಾಂತಿ ಮಾಡಿಕೊಳ್ಳುತ್ತಾಳೆ. ಆಮೇಲೆ ಯಾವುದು ವಿಷ, ಯಾವುದು ಹೆದರಿಕೆ ಎಂದು ನನಗೆ ತಿಳಿಯುವುದು ಹೇಗೆ? ಬೇಕಾದರೆ ವಾಂತಿ ಮಾಡಿಸಲು ಉಪ್ಪುನೀರು ಕಲಸಿಟ್ಟುಕೊಂಡು ಕೂತಿದ್ದೇನೆ. ಸಂಜೆಯ ಪ್ರಾಸ ಗಂಟಲಲ್ಲಿ ಸಿಕ್ಕಿಕೊಂಡಿದೆ. ಮೀನು ತಿನ್ನದವನಿಗೇ ಮುಳ್ಳು.

ಗೊರಕೆ ನಿಂತಿತು. ಮಗ್ಗುಲು ಬದಲಿಸಿದನೇನೋ. ಹೌದು, ಮತ್ತೆ ಶುರುವಾಯಿತು.

ಮಗಳು ಎದ್ದು ನೀರು ಕೇಳುತ್ತಿದ್ದಾಳೆ. ಸಾರಿಗೆ ಉಪ್ಪು ಜಾಸ್ತಿಯಾಗಿತ್ತೇನೋ. ನಾನು ರುಚಿ ನೋಡಿಲ್ಲ, ಯಾರನ್ನು ಕೇಳಲಿ?