ನೀರು ಬಿಟ್ಟ ಸುದ್ದಿಯನ್ನು ನಾವೇ ಬಂದು ನೋಡಬೇಕೆ?

ಮಾನ್ಯರೇ,

ಕಳೆದ ಆಗಸ್ಟಿನಲ್ಲಿ ಭೀಮಾ ಹೊಳೆಗೆ ನೀರು ಬಿಡುವ ಸುದ್ದಿಯನ್ನು ನೀವು ಬೆಳಿಗ್ಗೆ ಎಂಟು ಗಂಟೆಗೆ ನಿಮ್ಮ ಪೋರ್ಟಲ್‌ನಲ್ಲಿ ಪ್ರಕಟಿಸಿದಿರಿ. ನೀರು ನಮ್ಮೂರಿಗೆ ಮಧ್ಯಾಹ್ನ ಒಂದಕ್ಕೆ ಬಂತು. ನಿಮ್ಮ ಸುದ್ದಿ ಬಂದಿದ್ದು ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ಊರೂರು ಸುತ್ತಿ, ತಿರುವು ತಿರುವಿನಲ್ಲಿ ತಡೆದು ಬಂದ ರಾಡಿ ನೀರು ನಿಮ್ಮ ಎರಡು ಸಾಲಿನ ಸುದ್ದಿಯನ್ನು ಮೂರು ತಾಸು ಹಿಂದೆ ಹಾಕಿತು. "ಮಾಹಿತಿ ಇನ್ನು ಕ್ಷಣಾರ್ಧದಲ್ಲಿ" ಎಂದು ನಿಮ್ಮ ಪೋಸ್ಟರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದೆ. ಆ ಕ್ಷಣ ಎಷ್ಟು ಉದ್ದದ್ದೆಂದು ಬರೆಯಲು ಜಾಗ ಸಾಲಲಿಲ್ಲವೇನೋ.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಪೋರ್ಟಲ್‌ನ ಕೊನೆಯಲ್ಲಿ "ಮಾಹಿತಿ ಪ್ರಸಾರ ಮುಖ್ಯಾಧಿಕಾರಿ" ಎಂದು ಹುದ್ದೆ ಮಾತ್ರ ಇದೆ. ಆ ಕುರ್ಚಿಯಲ್ಲಿ ಯಾರಿದ್ದೀರೋ ಅವರಿಗೆ ಈ ಪತ್ರ. ನಾನು ಅಫಜಲಪುರ ತಾಲ್ಲೂಕಿನ ಹೊಳೆದಂಡೆಯ ಊರೊಂದರಲ್ಲಿ ಕಂಪ್ಯೂಟರ್ ಸೇವಾ ಕೇಂದ್ರ ನಡೆಸುತ್ತೇನೆ. ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿ ಅರ್ಜಿ, ಏನೇ ಬೇಕಿದ್ದರೂ ಜನ ನನ್ನ ಮುಂದೆ ಬಂದು ಕೂರುತ್ತಾರೆ, ನಾನು ನಿಮ್ಮ ಪುಟ ತೆರೆಯುವವರೆಗೆ ಪರದೆಯ ಮೇಲೆ ಸುತ್ತುವ ಚಕ್ರದ ಮುಂದೆ ಕೂರುತ್ತೇನೆ. "ಸರ್ವರ್ ಇಲ್ರಿ" ಎಂದು ದಿನಕ್ಕೆ ಎಷ್ಟು ಸಲ ಹೇಳುತ್ತೇನೆಂದರೆ, ನನ್ನ ಮಗಳು ಅವ್ವ, ಅಪ್ಪ ಆದ ಮೇಲೆ ಕಲಿತ ಮೂರನೆಯ ಮಾತು ಅದೇ.

ನಮ್ಮ ಕಡೆ ಹೊಳೆಸಾಲಿನ ಹೊಲದವರು ಮೋಟಾರನ್ನು ಹೊಳೆಯೊಳಗೇ ಇಳಿಸಿರುತ್ತಾರೆ. ನೀರು ಇಳಿದಂತೆಲ್ಲ ಮೋಟಾರು ಒಳಗೊಳಗೆ ಸರಿಯುತ್ತದೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಅದನ್ನು ದಂಡೆಗೆ ಎಳೆಯಬೇಕು. ಪೈಪು ಬಿಚ್ಚಿ, ಹಗ್ಗ ಕಟ್ಟಿ, ನಾಲ್ಕು ಮಂದಿ ಕೈ ಹಾಕಿದರೂ ಎರಡು ತಾಸಿನ ಕೆಲಸ. ಹಾಗಾಗಿ ನೀರು ಬಿಟ್ಟಿದ್ದಾರೆಂಬ ಸುದ್ದಿ ನಮಗೆ ಎಷ್ಟು ಬೇಗ ಮುಟ್ಟುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ನಿಮ್ಮ ಪೋರ್ಟಲ್ ಹುಟ್ಟುವ ಮೊದಲು ಇಪ್ಪತ್ತು ವರ್ಷ ಈ ಕೆಲಸವನ್ನು ಯಾಕೂಬಸಾಬರು ಮಾಡಿದರು. ಬಸ್ ನಿಲ್ದಾಣದ ಪಕ್ಕದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಅವರದು. ಮೋಟಾರ್ ಇಳಿಸಿದವರು ಅಲ್ಲಿ ಹೋಗಿ ಒಂದು ಮಾತು ಹೇಳಿದರೆ ಸಾಕು: "ಚಾಚಾ, ನಂದೂ ಒಂದ ಮೋಟಾರ್ ಇಳಿಸೇನ್ರಿ. ನೀರ್ ಬಿಟ್ರ ಹೇಳ್ರಿ." ಚಾಚಾ ಅಂಗಡಿಯ ಕಬ್ಬಿಣದ ಬಾಗಿಲ ಮೇಲೆ ಸೀಮೆಸುಣ್ಣದಿಂದ ಅವರ ಹೆಸರು ಬರೆಯುತ್ತಿದ್ದರು. ಮೋಟಾರ್ ಎತ್ತಿಕೊಂಡವರ ಹೆಸರು ಒರೆಸುತ್ತಿದ್ದರು. ಪಕ್ಕದ ಬಾಗಿಲ ಮೇಲೆ ಬೇರೆ ಪಟ್ಟಿ. ಅದು ತ್ರೀ ಫೇಸ್ ಕರೆಂಟ್ ಬಂದರೆ ತಿಳಿಸಬೇಕಾದವರದು. ನೀರಿನ ಸುದ್ದಿ ಕೇಳಿದವರಿಗೆ ನೀರಿನದು, ಕರೆಂಟಿನದು ಕೇಳಿದವರಿಗೆ ಕರೆಂಟಿನದು. ಏನೂ ಕೇಳದವರ ತಲೆ ತಿನ್ನುತ್ತಿರಲಿಲ್ಲ.

ಗಡಿಯಾಚೆ, ಅಣೆಕಟ್ಟಿನ ಪಕ್ಕದ ಊರಿನಲ್ಲಿ ಅವರ ತಂಗಿಯ ಅಳಿಯ ಒಬ್ಬರಿದ್ದಾರೆ. ಗೇಟು ಎತ್ತಿದ ಕೂಡಲೇ ಅವರು ಚಾಚಾಗೆ ಒಂದು ಫೋನ್ ಮಾಡುತ್ತಿದ್ದರು. ಬಾಗಿಲ ಮೇಲಿನ ಹೆಸರುಗಳು ಅವರಿಗೆ ಗೊತ್ತಿಲ್ಲ, ಆ ಹೆಸರಿನವರಿಗೆ ಅವರು ಗೊತ್ತಿಲ್ಲ. ಚಾಚಾ ಊರಿನವರಿಗೆ ಮುಟ್ಟಿಸಿ, ಕೆಳಗೆ ಜೇವರ್ಗಿ ತಾಲ್ಲೂಕಿನಲ್ಲಿರುವ ಹುಸೇನಪೀರ ಎಂಬ ಇನ್ನೊಬ್ಬ ಮೆಕ್ಯಾನಿಕ್‌ಗೆ ಒಂದೇ ಒಂದು ಫೋನ್ ಮಾಡುತ್ತಿದ್ದರು. ಹುಸೇನಪೀರರ ಅಂಗಡಿಗೂ ಒಂದು ಬಾಗಿಲಿದೆ, ಆ ಬಾಗಿಲ ಮೇಲೂ ಹೆಸರುಗಳಿವೆ. ಹೀಗೆ ಸುದ್ದಿ ಪ್ರತಿ ಊರಿಗೆ ಒಮ್ಮೆ ಮಾತ್ರ ಬರುತ್ತಿತ್ತು. ಊರೊಳಗೆ ಬೇಕಾದವರಿಗೆಲ್ಲ ಹರಿಯುತ್ತಿತ್ತು.

ಎರಡು ವರ್ಷದ ಹಿಂದೆ ಒಮ್ಮೆ ಗೇಟು ಎತ್ತುತ್ತಾರೆಂದು ಸುದ್ದಿ ಬಂತು, ಕೊನೆಗೆ ಎತ್ತಲಿಲ್ಲ. ಮೋಟಾರ್ ಎಳೆದು ಸುಸ್ತಾದವರು ಚಾಚಾರನ್ನು ಬೈದರು, ಮರುದಿನ ಬಂದು ಮತ್ತೆ ಹೆಸರು ಬರೆಸಿದರು. ಆದರೆ ಮಾತು ನಿಮ್ಮ ಕಚೇರಿಗೂ ಮುಟ್ಟಿತು. ನಿಮ್ಮವರು ಜೀಪಿನಲ್ಲಿ ಬಂದು, ಅನಧಿಕೃತ ಮಾಹಿತಿ ಹರಡುವುದು ಅಪರಾಧ, ಇನ್ನು ಮುಂದೆ ಪೋರ್ಟಲ್ ಒಂದೇ ಸತ್ಯ ಎಂದು ಅಪ್ಪಣೆ ಕೊಡಿಸಿದರು. ಅರವತ್ತೆಂಟು ವರ್ಷದ ಮನುಷ್ಯನಿಂದ "ನೀರು ಬಿಡುವ ವಿಷಯವನ್ನು ಯಾರಿಗೂ ಹೇಳುವುದಿಲ್ಲ" ಎಂದು ಮುಚ್ಚಳಿಕೆ ಬರೆಸಿಕೊಂಡರು. ಬಾಗಿಲ ಮೇಲಿನ ಹೆಸರು ಒರೆಸಿ ನಿಮ್ಮ ಪೋಸ್ಟರ್ ಅಂಟಿಸಿದವಳು ನಾನು. ಕಂಪ್ಯೂಟರ್ ಓದಿದವಳಲ್ಲವೆ, ಸೀಮೆಸುಣ್ಣದ ಕಾಲ ಮುಗಿಯಿತೆಂದು ಒಳಗೊಳಗೇ ಹಿಗ್ಗಿದ್ದೆ. ಅದನ್ನು ನೆನೆಸಿದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಆಗಸ್ಟಿನ ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಚಾಚಾ ನನ್ನ ಕೇಂದ್ರಕ್ಕೆ ಬಂದರು. "ನಿನ್ನ ಪೋರ್ಟಲ್‌ದಾಗ ಏನರ ಬಂದದೇನ್ ಬೇಟಿ?" ಎಂದು ಕೇಳಿದರು. ಇನ್ನೂ ತೆರೆಯುತ್ತಿಲ್ಲ, ಬಂದರೆ ನಾನೇ ಹೇಳುತ್ತೇನೆ ಎಂದೆ. ಅವರು ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತರು. ಆಮೇಲೆ ಹೊರಟುಹೋದರು. ನಾನು ಪಿಂಚಣಿ ಅರ್ಜಿಯೊಂದನ್ನು ತುಂಬುತ್ತಿದ್ದೆ, ತಲೆ ಎತ್ತಿ ನೋಡಲಿಲ್ಲ.

ಹನ್ನೊಂದರ ಹೊತ್ತಿಗೆ ಮೇಲೆ ಜೋರು ಮಳೆಯೆಂದು ಟಿವಿಯಲ್ಲಿ ಬರತೊಡಗಿತು. ನಲವತ್ತು ಮಂದಿ ಕೇಂದ್ರದಲ್ಲಿ ಸೇರಿದರು. ಚಕ್ರ ಸುತ್ತುತ್ತಲೇ ಇತ್ತು. ಆಗ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಒಂದು ಕಂಪ್ಯೂಟರಿನಲ್ಲಿ ಆಗದಿದ್ದರೆ ನಲವತ್ತು ಮೊಬೈಲಿನಲ್ಲಿ ಯಾವುದಾದರೂ ಒಂದರಲ್ಲಿ ತೆರೆದೀತು ಎಂದುಕೊಂಡು, ಎಲ್ಲರೂ ಅವರವರ ಫೋನಿನಲ್ಲಿ ಪೋರ್ಟಲ್ ಹಚ್ಚಿರಿ, ಬಿಡದೆ ಒತ್ತುತ್ತಿರಿ ಎಂದೆ. ಮನೆಯವರಿಗೂ ಹೇಳಿ ಎಂದೆ. ನನ್ನ ಮಾತು ಕೇಳಿ ಇಡೀ ಊರು ಒತ್ತತೊಡಗಿತು. ಇರುವುದು ಒಂದು ಟವರ್. ಹತ್ತು ನಿಮಿಷದಲ್ಲಿ ಅದೂ ಕೈಚೆಲ್ಲಿತು, ಆಮೇಲೆ ಒಬ್ಬರಿಗೊಬ್ಬರು ಫೋನ್ ಹಚ್ಚಲೂ ಆಗಲಿಲ್ಲ.

ಹೊಳೆಸಾಲಿನಲ್ಲಿ ಕಬ್ಬು ಬೆಳೆಯುವ ಬಸವೇಶ್ವರಿಯ ಎರಡು ಮೋಟಾರ್ ಹೊಳೆಯಲ್ಲಿದ್ದವು. ಅವಳ ಗಂಡ ಸಿದ್ದಲಿಂಗ ಹನ್ನೆರಡರವರೆಗೆ ನನ್ನ ಬೆಂಚಿನ ಮೇಲೆ ಕೂತು ಕಾದ. ಕೊನೆಗೆ ಎದ್ದು, "ನಾ ಹೋಗಿ ಬಿಚ್ಚಾಕ ಹತ್ತತೇನಿ, ಇದು ತೆರದ ಮ್ಯಾಲ ನಾಕ್ ಮಂದೀನ ಕಳಸ್ರಿ" ಎಂದು ಹೇಳಿ ಒಬ್ಬನೇ ಹೋದ. ಅದು ತೆರೆಯಲಿಲ್ಲ, ನಾವು ಯಾರನ್ನೂ ಕಳಿಸಲಿಲ್ಲ. ಒಂದು ಗಂಟೆಗೆ ನೀರು ಬಂದಾಗ ಅವನ ಬಲಗೈ ಮೋಟಾರಿಗೂ ಪೈಪಿಗೂ ನಡುವೆ ಸಿಕ್ಕಿಕೊಂಡಿತು. ಹೇಗೋ ಬಿಡಿಸಿಕೊಂಡು ಜಾಲಿ ಮರ ಹತ್ತಿದ. ಸಂಜೆ ಐದಕ್ಕೆ ಹಗ್ಗ ಮತ್ತು ಲಾರಿಯ ಟ್ಯೂಬು ಬಿಟ್ಟು ಅವನನ್ನು ಎಳೆದುಕೊಂಡೆವು. ಕಲಬುರಗಿಯ ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಅವನಿನ್ನೂ ಮರದ ಮೇಲೆಯೇ ಇದ್ದಾಗ, ನಾಲ್ಕು ಹತ್ತಕ್ಕೆ, ನನ್ನ ಕಂಪ್ಯೂಟರಿನಲ್ಲಿ ನಿಮ್ಮ ಪುಟ ತೆರೆಯಿತು. "ನೀರು ಬಿಡಲಾಗುತ್ತಿದ್ದು, ನದಿ ಪಾತ್ರದ ಜನರು ಎಚ್ಚರಿಕೆಯಿಂದ ಇರತಕ್ಕದ್ದು." ಅದರ ಕೆಳಗೆ ಪ್ರಕಟಣೆಯ ಸಮಯ: ಬೆಳಿಗ್ಗೆ 8.00.

ಮರುವಾರ ಚಾಚಾ ನನ್ನಲ್ಲಿಗೆ ಬಂದು ಕೂತರು. "ಎಂಟೂವರಿಗೇ ನನಗ ಫೋನ್ ಬಂದಿತ್ತು ಬೇಟಿ. ನಿನ್ನ ಪೋರ್ಟಲ್‌ದಾಗೂ ಬಂದದ ಅಂದಿದ್ರ ನಾ ಊರೆಲ್ಲಾ ತಿರುಗಿ ಹೇಳ್ತಿದ್ದೆ. ಬರದ ಕೊಟ್ಟೇನಲ್ಲ, ಹ್ಯಾಂಗ ಹೇಳ್ಲಿ?" ಎಂದರು. ಅಂದು ಅವರು ನನ್ನ ಬಾಗಿಲಿಗೆ ಅನುಮತಿ ಕೇಳಲು ಬಂದಿದ್ದರು.

ನಿಮಗೆ ದೂರು ಬರೆದೆ. "ನಿಮ್ಮ ದೂರು ಸ್ವೀಕೃತವಾಗಿದೆ, ಸ್ಥಿತಿಯನ್ನು ಪೋರ್ಟಲ್‌ನಲ್ಲಿ ಪರಿಶೀಲಿಸಿ" ಎಂದು ಉತ್ತರ ಬಂತು. ಹಾಸ್ಯಪ್ರಜ್ಞೆ ನಿಮ್ಮ ಕಚೇರಿಯಲ್ಲಿ ಚೆನ್ನಾಗಿದೆ. ಎರಡನೆಯ ಪತ್ರಕ್ಕೆ, ಸರ್ವರ್ ಸಾಮರ್ಥ್ಯವನ್ನು ದುಪ್ಪಟ್ಟು ಮಾಡಲಾಗುವುದು ಎಂದು ಬರೆದಿರಿ. ಅಂದರೆ ತಪ್ಪು ಎಲ್ಲಿದೆಯೆಂದೇ ನಿಮಗೆ ತಿಳಿದಿಲ್ಲ.

ತಪ್ಪು ಸರ್ವರಿನ ಗಾತ್ರದಲ್ಲಿಲ್ಲ ಮಾನ್ಯರೇ, ಕೇಳುವ ರೀತಿಯಲ್ಲಿದೆ. ಇಂದಿನ ಇಂಟರ್ನೆಟ್‌ನಲ್ಲಿ ನಮಗೆ ಏನು ಬೇಕೆಂದು ಕೇಳುವ ಹಾಗಿಲ್ಲ, ಯಾವ ಯಂತ್ರದಲ್ಲಿದೆಯೋ ಅದರ ವಿಳಾಸ ಹಿಡಿದು ಹೋಗಿ ಬಾಗಿಲು ಬಡಿಯಬೇಕು. ಬಂತೇ, ಬಂತೇ ಎಂದು ಬಡಿಯುತ್ತಲೇ ಇರಬೇಕು. ಆ ದಿನ ನಮ್ಮೂರಿನ ನಾನೂರು ಫೋನುಗಳು ಒಂದೇ ಪ್ರಶ್ನೆಯನ್ನು ಒಂದೇ ಟವರಿನ ಮೂಲಕ ಬೆಂಗಳೂರಿನ ಒಂದೇ ಯಂತ್ರಕ್ಕೆ ಸಾವಿರಾರು ಸಲ ಕೇಳಿದವು. ಹೊಳೆಸಾಲಿನ ಎಲ್ಲ ಊರುಗಳೂ ಅದನ್ನೇ ಮಾಡಿದವು. ದುಪ್ಪಟ್ಟು ಸರ್ವರ್ ಇಟ್ಟರೂ ನಮ್ಮ ಟವರ್ ಒಂದೇ ಅಲ್ಲವೆ? ಇಷ್ಟೆಲ್ಲ ಆಗಿದ್ದು ಎರಡು ಸಾಲಿಗಾಗಿ, ಎಲ್ಲರಿಗೂ ಬೇಕಾಗಿದ್ದ ಅದೇ ಎರಡು ಸಾಲಿಗಾಗಿ.

ನನಗೆ ಪಾಠ ಹೇಳಿದ ಅನೀಲಕುಮಾರ ಸರ್ ಅವರನ್ನು ನೋಡಲು ಆಳಂದಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ. ಚಾಚಾರ ಬಾಗಿಲ ಕತೆ ಕೇಳುತ್ತಿದ್ದಂತೆ ಅವರು ಎದ್ದು ಕೂತರು. ನಾಳಿನ ಇಂಟರ್ನೆಟ್ ಹೀಗೇ ಇರಬೇಕೆಂದು ಹಲವು ದೇಶಗಳಲ್ಲಿ ಸಂಶೋಧಕರು ವರ್ಷಗಟ್ಟಲೆ ಕೆಲಸ ಮಾಡುತ್ತಿದ್ದಾರಂತೆ. ಅದಕ್ಕೆ ಪಬ್ಲಿಶ್-ಸಬ್‌ಸ್ಕ್ರೈಬ್ ಎನ್ನುತ್ತಾರೆ. ಹೇಳುವವರು ಒಮ್ಮೆ ಪ್ರಕಟಿಸುತ್ತಾರೆ, ಬೇಕಾದವರು ಇಂಥ ವಿಷಯ ಬೇಕೆಂದು ಒಮ್ಮೆ ಹೆಸರು ಬರೆಸುತ್ತಾರೆ. ಇವರನ್ನು ಅವರಿಗೆ ಜೋಡಿಸುವುದು ಜಾಲದ ಕೆಲಸ. ಒಂದು ಪ್ರತಿ ಊರಿನ ಟವರಿಗೆ ಬಂದರೆ ಮುಗಿಯಿತು, ಅಲ್ಲಿಂದ ಎಲ್ಲರಿಗೂ ಹಂಚಿಹೋಗುತ್ತದೆ. ಮೂಲ ಯಂತ್ರ ಮಲಗಿದರೂ ಹತ್ತಿರದಲ್ಲಿ ಪ್ರತಿ ಇದ್ದವರು ಕೊಡುತ್ತಾರೆ.

ಹಾಗಾದರೆ ಸುಳ್ಳು ಸುದ್ದಿಯ ಗತಿ ಏನು ಎಂದು ನೀವು ಕೇಳುತ್ತೀರಿ, ಗೊತ್ತು. ನಾನೂ ಕೇಳಿದೆ. ಸುದ್ದಿಯ ಮೇಲೆಯೇ ನಿಮ್ಮ ಮೊಹರು ಇರುತ್ತದಂತೆ. ಅದನ್ನು ಯಾರ ಕೈಯಿಂದ ಪಡೆದರೂ ಮೊಹರು ನೋಡಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ಎಂದರೆ ಯಾಕೂಬಸಾಬರ ಬಾಯಿಗೆ ಬೀಗ ಹಾಕುವ ಬದಲು ಅವರ ಕೈಗೆ ನಿಮ್ಮ ಮೊಹರಿನ ಸುದ್ದಿ ಕೊಡಬಹುದಿತ್ತು. ನಿಮಗೆ ಇದು ಹೊಳೆಯಲಿಲ್ಲವೆ? ಅಥವಾ ಹೇಳುವ ಹಕ್ಕು ಕೈ ತಪ್ಪೀತೆಂದು ಹೆದರಿದಿರೋ?

ಇದೆಲ್ಲ ನಾಳೆಯೇ ಆಗುವಂಥದ್ದಲ್ಲ ಎಂದೂ ಸರ್ ಹೇಳಿದರು. ಯಾರು ಯಾವ ವಿಷಯಕ್ಕೆ ಹೆಸರು ಬರೆಸಿದ್ದಾರೆಂಬ ಪಟ್ಟಿ ಯಾರ ಕೈಯಲ್ಲಿರಬೇಕು ಎಂಬ ಜಗಳ ಇನ್ನೂ ಬಗೆಹರಿದಿಲ್ಲವಂತೆ. ಇರಲಿ. ಸೋಮವಾರದೊಳಗೆ ಜಗತ್ತಿನ ಇಂಟರ್ನೆಟ್ ಬದಲಿಸಿ ಎಂದು ನಾನು ಕೇಳುತ್ತಿಲ್ಲ. ಆದರೆ ಆ ವಿಚಾರದ ಒಂದು ಚೂರನ್ನು ಇವತ್ತಿನ ಫೋನುಗಳಲ್ಲೇ ಮಾಡಲು ಏನು ಅಡ್ಡಿ? ದೀಪಾವಳಿಗೆ, ಯುಗಾದಿಗೆ ನಿಮ್ಮ ಇಲಾಖೆಯ ಶುಭಾಶಯ ನನ್ನ ಫೋನಿಗೆ ತಪ್ಪದೆ ಬರುತ್ತದೆ. ನಾನು ಒಮ್ಮೆಯೂ ಕೇಳಿಲ್ಲ, ಆದರೂ ಬರುತ್ತದೆ. ಕೇಳಿ ಕೇಳಿ ಸಾಕಾದ ನೀರಿನ ಸುದ್ದಿಗೆ ಮಾತ್ರ ನಾವು ನಿಮ್ಮ ಹೊಸ್ತಿಲಿಗೆ ಬರಬೇಕೆ?

ಈ ವರ್ಷದ ಮಳೆ ಶುರುವಾಗಿದೆ. ಬಸವೇಶ್ವರಿ ಮತ್ತೆ ಮೋಟಾರ್ ಇಳಿಸಿದ್ದಾಳೆ. ಹೊಲದಲ್ಲಿ ಕಬ್ಬು ನಿಂತಿದೆ, ಬಿಡುವ ಹಾಗಿಲ್ಲ. ಸಿದ್ದಲಿಂಗನ ಕೈಗೆ ಈಗ ಪಾನಾ ಹಿಡಿದು ನಟ್ಟು ಬಿಚ್ಚಲಾಗದು, ಹಾಗಾಗಿ ನೀರು ಬಿಟ್ಟರೆ ಒಳಗಿಳಿಯುವವಳು ಅವಳೇ. ಹೋದ ವಾರ ನಾನೂ ಅವಳೂ ಸೇರಿ ಚಾಚಾರ ಅಂಗಡಿಗೆ ಹೋದೆವು. ಮುಚ್ಚಳಿಕೆಯ ಮಾತು ಬಿಡಿ, ನಮಗೊಬ್ಬರಿಗೆ ಹೇಳಿ ಎಂದು ಅವಳು ಕೈ ಮುಗಿದು ಕೇಳಿದಳು.

"ಅಳಿಯನ ಫೋನ್ ಬಂದ್ರ ಈಗ ನಾ ಎತ್ತೂದೇ ಇಲ್ಲವ್ವಾ. ಎತ್ತಿದ್ರ ಗೊತ್ತಾಗ್ತದ. ಗೊತ್ತಾದ ಮ್ಯಾಲ ಸುಮ್ಮ ಕೂಡೂದು ಇನ್ನೊಮ್ಮಿ ನನ್ನ ಕೈಲೆ ಆಗೂದಿಲ್ಲ" ಎಂದರು ಚಾಚಾ.

ಅವರು ಎತ್ತದಿದ್ದರೆ ಹುಸೇನಪೀರರಿಗೂ ಸುದ್ದಿ ಇಲ್ಲ, ಜೇವರ್ಗಿ ಕಡೆಯ ದಂಡೆಗೂ ಇಲ್ಲ. ಇಪ್ಪತ್ತು ವರ್ಷ ಕೆಲಸ ಮಾಡಿದ ಒಂದು ಜಾಲವನ್ನು ನೀವು ಒಂದು ಹಾಳೆ ಕಾಗದದಿಂದ ಕಡಿದುಹಾಕಿದಿರಿ, ಅದರ ಜಾಗದಲ್ಲಿ ಒಂದು ಚಕ್ರ ಸುತ್ತಲು ಬಿಟ್ಟಿರಿ.

ಆದ್ದರಿಂದ ಯಾಕೂಬಸಾಬರ ಮುಚ್ಚಳಿಕೆಯನ್ನು ಅವರಿಗೆ ಹಿಂದಕ್ಕೆ ಕೊಡಿ. ಜೀಪಿನಲ್ಲಿ ಬಂದು ಬರೆಸಿಕೊಂಡಿರಿ, ಜೀಪಿನಲ್ಲೇ ಬಂದು ಅವರ ಕೈಗಿಡಿ. ಹೊಳೆಯಲ್ಲಿ ಮೋಟಾರ್ ಇಳಿಸಿದವರ ಹೆಸರನ್ನು ಊರೂರಲ್ಲಿ ಬರೆದುಕೊಳ್ಳಿ. ಗೇಟು ಎತ್ತಿದ ಗಳಿಗೆಗೆ ಸುದ್ದಿ ನಮ್ಮ ಬಳಿ ಬರಲಿ. ಮತ್ತು ಇದನ್ನು ಬಾಯಿಮಾತಲ್ಲಿ ಹೇಳಬೇಡಿ. ಒಬ್ಬ ಮುದುಕರಿಂದ, ಗೊತ್ತಾದರೂ ಹೇಳುವುದಿಲ್ಲ ಎಂದು ಬರೆಸಿಕೊಂಡ ಕಚೇರಿ ನಿಮ್ಮದು. ಈಗ ಅದೇ ಅಳತೆಯ ಹಾಳೆಯ ಮೇಲೆ, ಗೊತ್ತಾದ ಕೂಡಲೇ ಹೇಳುತ್ತೇವೆ ಎಂದು ನೀವು ಬಸವೇಶ್ವರಿಗೆ ಬರೆದುಕೊಡಿ. ಕೆಳಗೆ ಸಹಿ ಇರಲಿ. ಈ ಸಲ ಹುದ್ದೆಯ ಜೊತೆ ಹೆಸರೂ ಇರಲಿ.

ಇಂತಿ,
ಬಾಗಿಲ ಮೇಲಿನ ಹೆಸರುಗಳನ್ನು ತನ್ನ ಕೈಯಾರೆ ಒರೆಸಿದ,
ಜಯಮಾಲಾ
ಸೇವಾ ಕೇಂದ್ರ, ಅಫಜಲಪುರ ತಾಲ್ಲೂಕು