ತಕರಾರು ತಾತ

ಅಡುಗೆಮನೆಯ ಮೇಜಿನಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಬೆಳಿಗ್ಗೆ

ನನ್ನ ಪುಟ್ಟಕ್ಕಾ,

ಹೇಗಿದ್ದೀಯ? ನೆಗಡಿ ಬಿಟ್ಟಿತೇ? ಹೊಸ ಕನ್ನಡಕಕ್ಕೆ ಕಣ್ಣು ಒಗ್ಗಿತೇ? ನಿನ್ನಪ್ಪನನ್ನು ಏನು ಕೇಳಿದರೂ ಫೋನಿನಲ್ಲಿ ‘ಚೆನ್ನಾಗಿದಾಳೆ’ ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಮನೆಗೆ ಬೆಂಕಿ ಬಿದ್ದಿದ್ದರೂ ಆ ಮನುಷ್ಯ ಅದನ್ನೇ ಹೇಳಿಯಾರು. ಹೋದ ವಾರ ಮಾತ್ರ ಹಾಗೆ ಹೇಳಲಿಲ್ಲ. ಅದಕ್ಕೇ ಈ ಕಾಗದ. ನನ್ನ ಫೋನ್ ನೀನು ಎತ್ತುವುದಿಲ್ಲ, ಮೆಸೇಜ್ ತೆರೆಯುವುದಿಲ್ಲ. ಕಾಗದವನ್ನಾದರೂ ಹರಿದು ಹಾಕುವ ಮುಂಚೆ ಒಮ್ಮೆ ಬಿಡಿಸಿ ನೋಡುತ್ತೀಯ ಅನ್ನುವ ಆಸೆ ನನಗೆ. ನಾನು ಗಟ್ಟಿಮುಟ್ಟಾಗಿದ್ದೇನೆ. ಗಂಟಲು ಯಥಾಪ್ರಕಾರ.

ಅಪ್ಪನ ಮನೆಗೆ ಹೊರಟ ದಿನ ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಾ ನೀನು ಹೇಳಿದ್ದು ನನಗೆ ಇನ್ನೂ ಚುಚ್ಚುತ್ತದೆ. ‘ನೀನು ಊರಿಗೆಲ್ಲ ಧ್ವನಿ ಕೊಡ್ತೀಯಮ್ಮ, ಮನೇಲಿ ನಂಗೆ ಮಾತ್ರ ಬರೀ ಕೈಸನ್ನೆ.’ ನಾನು ಆಗಲೂ ಬಾಯಿ ಬಿಡಲಿಲ್ಲ. ಅವತ್ತು ಇಡೀ ದಿನ ಕಿರುಚಿ ಬಂದಿದ್ದೆ ನೋಡು. ಡಬ್ಬಿಂಗ್ ಕೋಣೆಯಲ್ಲಿ ಸದ್ದಾಗುತ್ತದೆ ಅಂತ ಫ್ಯಾನ್ ಕೂಡ ಹಾಕುವ ಹಾಗಿಲ್ಲ. ಆ ಸೆಕೆಯಲ್ಲಿ ನಿಂತು, ಹೆಡ್‌ಫೋನ್ ಹಾಕಿಕೊಂಡು, ಹನ್ನೊಂದು ವರ್ಷದಿಂದ ಬೂದುಗಣ್ಣ ಅನ್ನುವ ಒಬ್ಬ ಗೊಂಬೆಚಿತ್ರದ ಹುಡುಗನಿಗಾಗಿ ಅರಚುತ್ತಿದ್ದೇನೆ. ಕಾಳಗದ ಕಂತು ಇದ್ದ ದಿನ ಸಂಜೆ ತುಟಿ ಎರಡು ಮಾಡಬಾರದು ಅಂತ ಗಂಟಲು ಡಾಕ್ಟರ ಕಟ್ಟಪ್ಪಣೆ. ಹಾಗಾಗಿ ಮನೆಗೆ ಬಂದರೆ ತಟ್ಟೆ ತೋರಿಸುವುದು, ಹೋಂವರ್ಕ್ ತೋರಿಸುವುದು, ಗಡಿಯಾರ ತೋರಿಸುವುದು. ಬೂದುಗಣ್ಣನಿಗೆ ಇಲ್ಲದ ಆಯಾಸ ನಿನ್ನ ಹತ್ತಿರ ಬಂದಾಗಲೇ ಬರುತ್ತಿತ್ತು ಅಂತ ನೀನು ದೂರಿದರೆ ಅದು ನಿಜವೇ.

ಈಗ ವಿಷಯಕ್ಕೆ ಬರುತ್ತೇನೆ. ಸುತ್ತಿ ಬಳಸಿ ಹೇಳಿದರೆ ಧೈರ್ಯ ಸೋರಿಹೋಗುತ್ತದೆ. ನೀನು ಫೋನಿನಲ್ಲಿ ದಿನಾ ಜಗಳವಾಡುತ್ತಿದ್ದ ಆ ಗುಂಪು, ಕೆಂಪುಶಾಲು ದೊಡ್ಡವನೋ ಅವನ ಎದುರಾಳಿ ಬೂದುಗಣ್ಣ ದೊಡ್ಡವನೋ ಅಂತ ಸಾವಿರ ಜನ ಕಾಲು ಕೆರೆದು ಕಾದಾಡುವ ಆ ಜಾಗ ಇದೆಯಲ್ಲ, ಅಲ್ಲಿ ಒಬ್ಬ ತಕರಾರು ತಾತ ಇದ್ದಾನಲ್ಲ, ಅದು ನಾನು.

ಕಾಗದ ಹರಿಯಬೇಡ ಪುಟ್ಟಕ್ಕಾ, ಪೂರ್ತಿ ಓದು.

ಮೊದಲು ನಿನ್ನ ಮಾತು ಓದಲೆಂದಷ್ಟೇ ಹೋದೆ. ಹೆಸರು ಕೇಳಿತು, ತೋಚಿದ್ದು ಹಾಕಿದೆ. ನೀನು ಬರೆದದ್ದನ್ನು ಹೊಗಳಿ ಎರಡು ಸಾಲು ಬರೆದೆ. ನಿನ್ನಿಂದ ಒಂದು ಹೆಬ್ಬೆರಳಿನ ಚಿತ್ರ ಬಂತು. ಮತ್ತೆ ಹೊಗಳಿದೆ. ಮತ್ತೊಂದು ಹೆಬ್ಬೆರಳು. ಹೀಗಾದರೆ ಆಗುವುದಿಲ್ಲವೆಂದು ಒಂದು ಸಂಜೆ ಬೇಕಂತಲೇ ‘ಬೂದುಗಣ್ಣ ಬರೀ ಆರ್ಭಟ, ಒಳಗೆ ಪೊಳ್ಳು’ ಅಂತ ಬರೆದೆ. ಅಬ್ಬಾ, ಪರದೆ ತುಂಬ ಉತ್ತರ ಬಂತು. ಯಾವ ಕಂತಿನಲ್ಲಿ ಯಾರು ಯಾರಿಗೆ ಹೊಡೆದರು, ಯಾಕೆ ಹೊಡೆದರು, ಎಲ್ಲ. ಕೊನೆಗೆ ‘ಇನ್ನೊಂದ್ಸಲ ನೋಡ್ಕೊಂಡು ಬನ್ನಿ ತಾತ’ ಅಂತ ಬೇರೆ. ನೀನು ಹೋದ ಮೇಲೆ ನಿನ್ನಿಂದ ನನಗೆ ಸಿಕ್ಕ ಮೊದಲ ಉದ್ದನೆಯ ಮಾತು ಅದು. ಎಷ್ಟು ಸಲ ಓದಿದೆನೋ. ಅವತ್ತಿನಿಂದ ಹೊಗಳುವುದನ್ನು ಬಿಟ್ಟೆ. ಬೆಳಿಗ್ಗೆಯಿಂದ ಅವನ ಧ್ವನಿಯಾಗಿ ದುಡಿದು, ಸಂಜೆ ಅವನನ್ನೇ ಹೀಯಾಳಿಸುತ್ತಾ ಕೂರುತ್ತಿದ್ದೆ. ಗಂಟಲಿಗೂ ತೊಂದರೆಯಿಲ್ಲ, ಬೆರಳಿನಲ್ಲಿ ಎಷ್ಟು ಬೇಕಾದರೂ ಮಾತಾಡಬಹುದು. ಈ ಉಪಾಯ ನೀನು ಮನೆಯಲ್ಲಿದ್ದಾಗಲೇ ಯಾಕೆ ಹೊಳೆಯಲಿಲ್ಲ ಅಂತ ಹೊಟ್ಟೆ ಉರಿಯುತ್ತದೆ.

ಒಮ್ಮೆ ನೀನು ‘ಊಟ ಮಾಡಿದ್ರಾ ತಾತ? ಮಾಡಿ ಬಂದು ಜಗಳ ಆಡಿ’ ಅಂತ ಬರೆದೆ. ಅವತ್ತು ನನಗೆ ಆ ಮುದುಕನ ಮೇಲೆ ಹೊಟ್ಟೆಕಿಚ್ಚಾಯಿತು. ಹುಚ್ಚು ಅನ್ನು, ಆದರೆ ಆಯಿತು.

ಸೇತುವೆ ಕಾಳಗದ ವಾದದಲ್ಲಿ ನಾನೇ ಹಟಕ್ಕೆ ಬಿದ್ದೆ. ಕೆಂಪುಶಾಲು ಗೆದ್ದ, ಬೂದುಗಣ್ಣ ಬಿದ್ದ, ಮತ್ತೇನು ಮಾತು ಅಂದೆ. ಕೆಳಗಿದ್ದ ಜನ ದಾಟಿಹೋಗಲಿ ಅಂತ ಅವನು ಒಂದು ಕೈಯಲ್ಲಿ ಕುಸಿಯುವ ಕಂಬ ಹಿಡಿದು ಇನ್ನೊಂದರಲ್ಲಿ ಕಾದಾಡಿದ, ಅದನ್ನೂ ಬಲದ ಲೆಕ್ಕಕ್ಕೆ ತಗೋಬೇಕು ಅಂತ ನೀನು. ಹಿಡಿ ಅಂತ ಅವನಿಗೆ ಯಾರು ಹೇಳಿದ್ದರು, ಆಧಾರ ಕೊಡು, ಆಧಾರ ಕೊಡು ಅಂತ ನಾನು ನಿನ್ನನ್ನು ಕುಟುಕುತ್ತಲೇ ಹೋದೆ. ಸುತ್ತ ಉಳಿದವರು ತಾಳ ಹಾಕುತ್ತಿದ್ದರು. ಆಗ ನೀನು ಬರೆದೆಯಲ್ಲ: ‘ಅವನು ಬೀಳೋವಾಗ ಕೂಗ್ತಾನಲ್ಲ, ಅದನ್ನ ಕೇಳಿ. ಅದು ಸೋತವನ ಕೂಗಲ್ಲ, ಭಾರ ಹೊತ್ತವನ ಕೂಗು. ಅದು ನಮ್ಮಮ್ಮಂದು. ಅವರೇ ಅವನ ಧ್ವನಿ. ಅದಾದ್ಮೇಲೆ ಒಂದು ವಾರ ಅವರಿಗೆ ನೀರು ಕುಡಿಯೋಕೂ ಆಗ್ತಿರಲಿಲ್ಲ.’

ನಾನು ಆಗ ಸ್ಟುಡಿಯೋ ಮೊಗಸಾಲೆಯ ಬೆಂಚಿನ ಮೇಲೆ, ಬಿಡುವಿನಲ್ಲಿ, ಕಾಗದದ ಲೋಟದಲ್ಲಿ ಬಿಸಿನೀರು ಹಿಡಿದು ಕೂತಿದ್ದೆ. ‘ಅಳಬೇಡಿ ಮೇಡಂ, ಭಾರ ಹೊತ್ತಿರೋನು ಅಳಲ್ಲ’ ಅಂತ ನಿರ್ದೇಶಕರು ಹಿಂದೆ ಆ ಕಂತಿನ ದಿನ ಅದೇ ಕೂಗನ್ನು ಬೆಳಗಿನಿಂದ ಸಂಜೆವರೆಗೂ ಮಾಡಿಸಿದ್ದರು. ಅದು ಒಬ್ಬರ ಕಿವಿಗಾದರೂ ಸರಿಯಾಗಿ ಮುಟ್ಟಿತಲ್ಲ, ಅದೂ ನಿನ್ನ ಕಿವಿಗೆ. ಆ ವಾರ ಮನೆಯಲ್ಲಿ ನಾನು ಕುಡಿಯದೆ ಇಟ್ಟ ನೀರಿನ ಲೋಟವನ್ನೂ ನೀನು ನೋಡಿದ್ದೆ. ನೀನು ಏನನ್ನೂ ಗಮನಿಸುತ್ತಿಲ್ಲ ಅಂದುಕೊಂಡಿದ್ದೆ ನಾನು.

ಅಷ್ಟರಲ್ಲಿ ಎಲ್ಲರೂ ಮುಗಿಬಿದ್ದರು. ನಮ್ಮ ಹೆಸರು ತೆರೆಯ ಮೇಲೆ ಬರುವುದಿಲ್ಲವಲ್ಲ, ಯಾರು ನಂಬುತ್ತಾರೆ? ಹುಡುಗ ಪಾತ್ರಕ್ಕೆ ಹೆಂಗಸಿನ ಧ್ವನಿಯಂತೆ ಅಂತ ನಕ್ಕರು. ಬುರುಡೆರಾಣಿ ಅಂತ ಹೆಸರಿಟ್ಟರು. ಆಮೇಲೆ ಯಾರೋ ‘ತಾತ ಏನಂತಾರೆ ನೋಡೋಣ’ ಅಂದರು. ಎಲ್ಲರೂ ಕಾದರು. ನೀನೂ ಕಾದೆ. ನಾನು ಏನು ಬರೆದೆ ಅನ್ನುವುದನ್ನು ನಿನಗೆ ನೆನಪಿಸಬೇಕಿಲ್ಲ, ಆದರೆ ನನ್ನ ಕೈಯಿಂದಲೇ ಇನ್ನೊಮ್ಮೆ ಬರೆಯಬೇಕು: ‘ಆಧಾರ ಇಲ್ಲದ ಮಾತನ್ನು ಈ ತಾತ ಒಪ್ಪುವುದಿಲ್ಲ.’

‘ನಿಮ್ಮನ್ನ ನಂಬಿದ್ದೆ ತಾತ’ ಅಂತ ಬರೆದು ನೀನು ಗುಂಪು ಬಿಟ್ಟುಹೋದೆ.

ಯಾಕೆ ಹಾಗೆ ಮಾಡಿದೆ ಅಂತ ಕೇಳಿದರೆ ನಾಚಿಕೆಯಿಂದ ತಲೆ ಎತ್ತಲಾಗುವುದಿಲ್ಲ. ನಿಜ ಹೇಳಿದರೆ ತಾತನ ಕಥೆ ಮುಗಿಯುತ್ತದೆ, ಅವನ ಜೊತೆಗೆ ನಿನ್ನ ಉತ್ತರಗಳೂ ನಿಲ್ಲುತ್ತವೆ ಅನ್ನುವ ಭಯ. ನಿನ್ನ ನಾಲ್ಕು ಮಾತು ನನಗೆ ಸಿಗುತ್ತಿರಲಿ ಅಂತ ನಿನ್ನನ್ನೇ ಸುಳ್ಳಿ ಮಾಡಿದೆ. ಒಳಗಿನಿಂದ ಕರೆದರು, ಎದ್ದು ಹೋಗಿ ಬೂದುಗಣ್ಣನ ಡೈಲಾಗ್ ಹೇಳಿದೆ. ಯಾವ ಬಾಯಲ್ಲಿ ಹೇಳಿದೆನೋ. ಗುಂಪಿನಲ್ಲಿದ್ದ ನಿನ್ನ ಶಾಲೆಯ ಮಕ್ಕಳು ಅಲ್ಲೂ ನಿನ್ನನ್ನು ಬುರುಡೆರಾಣಿ ಅಂತಲೇ ಕರೆಯುತ್ತಿದ್ದಾರೆ, ಬೆಳಿಗ್ಗೆ ಹೊಟ್ಟೆನೋವು ಅಂತ ಮಲಗಿಬಿಡುತ್ತೀಯ ಅಂತ ನಿನ್ನಪ್ಪ ಹೇಳಿದಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಿನ್ನಪ್ಪನಿಗೆ ತಾತನ ವಿಷಯ ಗೊತ್ತಿಲ್ಲ. ಬೇಕಾದರೆ ನೀನೇ ಹೇಳು.

ವಾದದಲ್ಲಿ ನೀನೇ ಸರಿ ಕಂದಾ. ಬೂದುಗಣ್ಣನೇ ಬಲಶಾಲಿ. ನನಗೆ ಮೊದಲಿನಿಂದಲೂ ಗೊತ್ತಿತ್ತು. ಗುಂಪಿನಲ್ಲಿ ಎಲ್ಲರೆದುರು ಇದನ್ನೇ ಹೇಳಬೇಕು ಅಂತ ನಿನ್ನೆಯಿಂದ ಫೋನ್ ಕೈಗೆತ್ತಿಕೊಳ್ಳುತ್ತೇನೆ, ಇಡುತ್ತೇನೆ. ನಿನ್ನ ಅಮ್ಮ ಅಂಥ ಪುಕ್ಕಲಿ.

ಹೊಟ್ಟೆಗೆ ಹಾಕಿಕೋ ಅಂತ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು, ಕನ್ನಡಕ ತೆಗೆದಿಟ್ಟು ಮಲಗು. ನಿನ್ನಪ್ಪನಿಗೆ ನಾನು ಕೇಳಿದೆನೆಂದು ಹೇಳು. ನಿನಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ
ಅಮ್ಮ

ಮರೆತ ಮಾತು: ಲಕೋಟೆ ಅಂಟಿಸುವ ಮುಂಚೆ ಕಣ್ಣು ಮುಚ್ಚಿಕೊಂಡು ಗುಂಪಿನಲ್ಲಿ ಎಲ್ಲ ಬರೆದುಬಿಟ್ಟೆ. ತಾತ ನಾನೇ, ಆ ಹುಡುಗಿ ಹೇಳಿದ್ದು ನಿಜ, ನಾನು ಅವಳ ಅಮ್ಮ ಅಂತ. ಆ ಕೂಗನ್ನು ಇಲ್ಲೇ ಅಡುಗೆಮನೆಯಲ್ಲಿ ಕೂಗಿ ರೆಕಾರ್ಡ್ ಮಾಡಿ ಹಾಕಿದೆ. ಪಕ್ಕದ ಮನೆಯವರು ಓಡಿಬಂದರು. ಗುಂಪಿನಲ್ಲಿ ಮಾತ್ರ ಒಬ್ಬರೂ ನಂಬಲಿಲ್ಲ. ಧ್ವನಿ ಯಂತ್ರದಲ್ಲಿ ಮಾಡಿಸಿದ್ದು, ತಾತನಿಗೆ ಅರಳು ಮರಳು ಅನ್ನುತ್ತಿದ್ದಾರೆ. ಅಮ್ಮ ಹೌದೋ ಅಲ್ಲವೋ ಆ ಹುಡುಗಿಯೇ ಬಂದು ಹೇಳಲಿ ಅಂತ ಕೂತಿದ್ದಾರೆ. ಒತ್ತಾಯವಿಲ್ಲ ಪುಟ್ಟಕ್ಕಾ. ಅಲ್ಲ ಅಂತ ನೀನು ಬರೆದರೂ ನಾನು ಆಧಾರ ಕೇಳುವುದಿಲ್ಲ.