ಅಮ್ಮನ ಮಣ್ಣಿನ ಪಾಠಗಳು

ಮನೆ,
ಭಾನುವಾರ, ಮೇ ೧೧

ಪ್ರೀತಿಯ ಪುಟ್ಟೀ,

ಹಲ್ಲುನೋವು ಹೇಗಿದೆ? ಲವಂಗ ಕಚ್ಚಿಕೊಂಡು ದಿನ ದೂಡಬೇಡ, ಡಾಕ್ಟರಿಗೆ ತೋರಿಸು. ನಾನು ಚೆನ್ನಾಗಿದ್ದೇನೆ. ಶಾಲೆ ಶುರುವಾಗುವ ಕಾಲ, ಸಮವಸ್ತ್ರದ ಹೊಲಿಗೆ ತಲೆಯ ಮೇಲೆ ಕೂತಿದೆ. ಒಬ್ಬನಿಗೆಂದು ಅಡುಗೆ ಮಾಡಲು ಇನ್ನೂ ಕೈ ಕುದುರಿಲ್ಲ, ಇಬ್ಬರಿಗಾಗುವಷ್ಟು ಆಗಿಬಿಡುತ್ತದೆ.

ಒಂದು ಸಂಗತಿ ಹೇಳಬೇಕು. ಅಮ್ಮ ಕ್ಲಾಸಿನಲ್ಲಿ ಮಾಡಿದ ಮಣ್ಣಿನ ಪಾಠಗಳ ವಿಡಿಯೋಗಳನ್ನೆಲ್ಲ ವಿಶ್ವವಿದ್ಯಾಲಯದವರು ಯಾರು ಬೇಕಾದರೂ ಪುಕ್ಕಟೆ ನೋಡಲೆಂದು ಇಂಟರ್ನೆಟ್ಟಿನಲ್ಲಿ ಹಾಕಿದ್ದರಲ್ಲ, ಅವು ಯಾರ ಕಣ್ಣಿಗೂ ಬೀಳದೆ ಬಿದ್ದಿದ್ದವು. ಪ್ಯಾಂಟು ಹೊಲಿಸಲು ಬಂದ ಮೇಷ್ಟ್ರು, "ಎಲ್ಲರೂ ಸೇರಿ ಬರೆಯೋ ವಿಶ್ವಕೋಶ ಇದೆಯಲ್ಲ, ಮಕ್ಕಳು ಮೊದಲು ನೋಡೋದೇ ಅದನ್ನ. ಅಲ್ಲೊಂದು ಕೊಂಡಿ ಹಾಕಿ" ಎಂದರು. ಹಾಕಿದೆ. ಮಣ್ಣು, ಸವೆತ, ಗೊಬ್ಬರ ಎಂದು ಕಂಡ ಪುಟಕ್ಕೆಲ್ಲ ಹಾಕಿದೆ. ಪಕ್ಕದಲ್ಲಿ "ಬಹಳ ಚೆನ್ನಾಗಿ ಹೇಳಿಕೊಡುತ್ತಾರೆ, ತಪ್ಪದೆ ಕೇಳಿ" ಎಂದೂ ಬರೆದೆ, ನಮ್ಮ ಅಂಗಡಿಯ ಬೋರ್ಡು ಬರೆದ ಹಾಗೆ. ಸಂಜೆಯೊಳಗೆ ಎಲ್ಲವನ್ನೂ ಅಳಿಸಿದ್ದರು. ಜಾಹೀರಾತಂತೆ! ಹೋದವಳಿಗೆ ಎಂಥ ಜಾಹೀರಾತು ಎಂದು ಸಿಟ್ಟು ಬಂತು. ಮತ್ತೆ ಹಾಕಿದೆ, ಮತ್ತೆ ಅಳಿಸಿದರು.

ಆಮೇಲೆ 'ಗುಬ್ಬಚ್ಚಿ' ಎಂದು ಹೆಸರಿಟ್ಟುಕೊಂಡ ಯಾರೋ ಅಲ್ಲಿಯೇ ಬರೆದರು: "ಅಣ್ಣಾ, ಸಿಟ್ಟು ಬೇಡ. ನೀವು ಅವರ ಕಡೆಯವರಾ? ನಮ್ಮವರದ್ದನ್ನ ನಾವೇ ಹಾಕಬಾರದು ಅಂತ ಇಲ್ಲೊಂದು ಪದ್ಧತಿ. ಯಾರು ಅಂತ ಚರ್ಚೆ ಪುಟದಲ್ಲಿ ಹೇಳಿ, ಮಿಕ್ಕವರು ಕೇಳಿ ನೋಡ್ತೀವಿ." ನಾನು "ಇವರ ಗಂಡ, ದರ್ಜಿ" ಎಂದಷ್ಟೇ ಬರೆದೆ.

ಗುಬ್ಬಚ್ಚಿ ಒಂದೊಂದೇ ಪಾಠ ಕೇಳಿ, ಯಾವುದು ಯಾವ ಪುಟಕ್ಕೆ ಹೊಂದುತ್ತದೆ ಎಂದು ನೋಡಿ, ತಾವೇ ಸೇರಿಸುತ್ತ ಬಂದರು. "ನಿದ್ದೆ ಬಂದೋರು ಧಾರಾಳವಾಗಿ ಮಲಗಿ, ಗೊರಕೆ ಮಾತ್ರ ಬೇಡ" ಎಂದು ಅಮ್ಮ ಪಾಠದ ನಡುವೆ ಅನ್ನುತ್ತಿದ್ದಳಲ್ಲ, ಅದನ್ನು ಕೇಳಿ ಒಬ್ಬರೇ ನಕ್ಕರಂತೆ. ಅವಳು ಹೋದಮೇಲೆ ಅವಳ ಮಾತಿಗೆ ನಕ್ಕವರು ಇವರೇ ಮೊದಲು. ಈಗ ಒಂದು ಬಿಟ್ಟು ಎಲ್ಲ ಪಾಠಗಳೂ ಅಲ್ಲಿವೆ.

"ಅಮ್ಮನ ದನಿ ಕೇಳೋಕೆ ನನ್ನಿಂದಾಗಲ್ಲ ಅಪ್ಪಾ, ಮನೇಲಿ ಹಾಕ್ಬೇಡಿ" ಎಂದು ನೀನು ಹೇಳಿದ್ದನ್ನು ಮರೆತಿಲ್ಲ. ನೀನು ಬಂದಾಗ ಹಾಕುವುದಿಲ್ಲ. ನಿನ್ನನ್ನು ಕೇಳದೆ ಊರಿಗೆಲ್ಲ ಕೇಳಿಸಿದೆ ಎಂದು ಮಾತ್ರ ಬೇಸರಪಡಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮ ಕೆಳಗಿನ ಮನೆಯ ಅಜ್ಜಿಗೆ ನನ್ನ ನಮಸ್ಕಾರ. ನಿನಗೆ ಎಲ್ಲ ಒಳ್ಳೆಯದಾಗಲಿ ಕಂದಾ.

ನಿನ್ನ ಅಪ್ಪ

ಇನ್ನೊಂದು ಮಾತು: ಉಳಿದಿರುವುದು ನಾಲ್ಕನೆಯ ಪಾಠ. ಅದರಲ್ಲೊಂದು ಮಗು ಅಳುತ್ತದೆ, ಹಾಕಬಹುದೇ ಎಂದು ಮನೆಯಲ್ಲಿ ಕೇಳಿ ಹೇಳಿ ಎಂದು ಗುಬ್ಬಚ್ಚಿ ಕಾಯುತ್ತಿದ್ದಾರೆ. ಆ ದಿನ ನಾನು ಊರಲ್ಲಿರಲಿಲ್ಲ, ನಿನಗೆ ಜ್ವರ. ಅಮ್ಮ ನಿನ್ನನ್ನು ಕ್ಲಾಸಿಗೇ ಎತ್ತಿಕೊಂಡು ಹೋಗಿದ್ದಳು. ಪಾಠ ನಿಲ್ಲಿಸಿ "ಬಂದೆ ಬಂಗಾರಾ, ಬಂದೆ" ಅನ್ನುತ್ತಾಳೆ. ಉಳಿದದ್ದನ್ನೆಲ್ಲ ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಹೇಳಿದ್ದಾಳೆ. ಹಾಕಬೇಕೋ ಬೇಡವೋ, ನೀನೇ ಹೇಳಬೇಕು. ಬೇಡ ಅಂದರೂ ಸರಿ. ಹೇಳುವ ಮೊದಲು ಅದೊಂದನ್ನು ಕೇಳು ಪುಟ್ಟೀ.